ಊರಿನ ಶಾಲೆಗೆ ಹಣ ಕೊಡಬೇಕೋ, ವಸ್ತು ಕೊಡಬೇಕೋ?

ಓದುಗರ ಪ್ರಶ್ನೆ: “ನಾನು ಓದಿದ್ದು ಪಾಂಡವಪುರ ತಾಲ್ಲೂಕಿನ ನಮ್ಮೂರ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ. ಈಗ ಮೈಸೂರಿನಲ್ಲಿ ಕೆಲಸದಲ್ಲಿದ್ದೇನೆ. ವರ್ಷಕ್ಕೆ ಹದಿನೈದು ಸಾವಿರ ರೂಪಾಯಿಯನ್ನು ಆ ಶಾಲೆಗೆ ಕೊಡುವ ಮನಸ್ಸಿದೆ. ಹಣವನ್ನೇ ಕೊಟ್ಟರೆ ಮಕ್ಕಳಿಗೆ ತಲುಪುವುದಿಲ್ಲ, ನಡುವೆಯೇ ಯಾರಾದರೂ ತಿಂದುಬಿಡುತ್ತಾರೆ ಎಂದು ಎಲ್ಲರೂ ಹೇಳುತ್ತಾರೆ. ಆದ್ದರಿಂದ ನೋಟ್‌ಬುಕ್ಕು, ಬ್ಯಾಗುಗಳನ್ನು ಕೊಂಡು ನಾನೇ ಹಂಚಬೇಕೆಂದಿದ್ದೇನೆ. ಇದು ಸರಿಯೇ?”

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಏನನ್ನೂ ಕೊಳ್ಳುವ ಮೊದಲು ಶಾಲೆಗೆ ಹೋಗಿ ಮುಖ್ಯಶಿಕ್ಷಕರನ್ನೂ ಶಾಲಾ ಸಮಿತಿಯಾದ ಎಸ್‌ಡಿಎಂಸಿಯವರನ್ನೂ ಕೇಳಿ. ಅವರು ಏನು ಬೇಕೆನ್ನುತ್ತಾರೋ ಅದನ್ನು ಕೊಡಿ. ಅದು ಹಣವಾದರೆ ಶಾಲೆಯ ಬ್ಯಾಂಕ್ ಖಾತೆಗೆ ಹಾಕಿ ರಸೀದಿ ಪಡೆಯಿರಿ. ಮಂಡ್ಯ ಜಿಲ್ಲೆಯ ಶಾಲೆಗಳಲ್ಲಿ 31 ವರ್ಷ ಪಾಠ ಹೇಳಿ, ಅದರಲ್ಲಿ ಕೊನೆಯ 11 ವರ್ಷ ಮುಖ್ಯಶಿಕ್ಷಕಿಯಾಗಿದ್ದು ನಿವೃತ್ತಳಾದ ನನಗೆ ಈ ಪ್ರಶ್ನೆ ಪ್ರತಿವರ್ಷ ಮೇ ತಿಂಗಳ ಕೊನೆಯ ವಾರದಲ್ಲಿ ತಪ್ಪದೆ ಬರುತ್ತದೆ. ಪ್ರತಿವರ್ಷವೂ ಇದೇ ಉತ್ತರ ಕೊಡುತ್ತೇನೆ. ಕೇಳಿದವರಲ್ಲಿ ಹೆಚ್ಚಿನವರು “ನೀವು ಹೇಳುವುದು ಸರಿ ಮೇಡಂ, ಆದರೂ ಹಣ ಬೇಡ” ಎಂದು ಹೇಳಿ ನೇರವಾಗಿ ಬ್ಯಾಗಿನ ಅಂಗಡಿಗೆ ಹೋಗುತ್ತಾರೆ. ಆದ್ದರಿಂದ ಈ ಬಾರಿ ಬೇರೆಲ್ಲವನ್ನೂ ಪಕ್ಕಕ್ಕಿಟ್ಟು, ‘ಹಣ ಪೋಲಾಗುತ್ತದೆ, ವಸ್ತು ಪೋಲಾಗುವುದಿಲ್ಲ’ ಎಂಬ ನಂಬಿಕೆಯನ್ನೇ ಬಿಡಿಸಿ ನೋಡೋಣ.

ಸರ್ಕಾರಿ ಶಾಲೆಗೆ ಬಂದ ಹಣಕ್ಕೆ ಒಂದು ದಾರಿ ಇದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ರಾಜಾ ರಾಮಣ್ಣನವರ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ ನಮ್ಮ ರಾಜ್ಯದಲ್ಲಿ 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಅಂದರೆ ನಾವು ದಿನವೂ ಹೇಳುವ ಎಸ್‌ಡಿಎಂಸಿಗಳು ಹುಟ್ಟಿದವು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಸಮಿತಿಗಳಿಗೆ ಇಡೀ ದೇಶದಲ್ಲಿ ಕಾನೂನಿನ ಬಲ ಕೊಟ್ಟಿತು. ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಮಕ್ಕಳ ತಂದೆತಾಯಿಗಳೋ ಪೋಷಕರೋ ಇರಬೇಕು, ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು ಎಂದು ಅದೇ ಕಾಯ್ದೆ ಹೇಳುತ್ತದೆ. ಸಮಿತಿಯ ಖಾತೆ ಮುಖ್ಯಶಿಕ್ಷಕರು ಮತ್ತು ಅಧ್ಯಕ್ಷರ ಜಂಟಿ ಹೆಸರಿನಲ್ಲಿರುತ್ತದೆ. ಅಲ್ಲಿಂದ ಹಣ ತೆಗೆಯಬೇಕಾದರೆ ಸಭೆಯಲ್ಲಿ ಠರಾವು ಆಗಬೇಕು, ನಡಾವಳಿ ಪುಸ್ತಕದಲ್ಲಿ ಬರೆದು ಸದಸ್ಯರು ಸಹಿ ಹಾಕಬೇಕು, ಖರ್ಚಾದ ಮೇಲೆ ನಗದು ಪುಸ್ತಕದಲ್ಲಿ ಬಿಲ್ಲಿನೊಡನೆ ಏರಬೇಕು. ಆ ಊರಿನ ಯಾವ ತಾಯಿಯಾದರೂ ಆ ಪುಸ್ತಕವನ್ನು ತೆರೆದು ತೋರಿಸಿ ಎಂದು ಕೇಳಬಹುದು.

ದುರುಪಯೋಗ ನಡೆದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ನಡೆದದ್ದನ್ನು ಕಂಡಿದ್ದೇನೆ. ಆದರೆ ನಾನು ಕಂಡ ಪ್ರತಿಯೊಂದು ಸಂದರ್ಭದಲ್ಲೂ ದಾನಿ ಹಣವನ್ನು ಕವರಿನಲ್ಲಿಟ್ಟು, ಧ್ವಜಾರೋಹಣದ ದಿನ ಯಾರದೋ ಕೈಗೆ ಕೊಟ್ಟು, ರಸೀದಿ ಕೇಳದೆ, ಮತ್ತೆಂದೂ ಶಾಲೆಯ ಕಡೆ ತಿರುಗಿ ನೋಡದೆ ಹೋಗಿದ್ದರು. ಖಾತೆಗೆ ಬಂದ ಹಣಕ್ಕೆ ತಾರೀಖು ಸಹಿತ ಸಾಕ್ಷಿ ಇರುತ್ತದೆ. ಹಂಚಿದ ಬ್ಯಾಗಿಗೆ ಏನು ಸಾಕ್ಷಿ ಇದೆ? ದಾಸ್ತಾನು ವಹಿಯಲ್ಲಿ ಏರಿಸಿದರೆ ಉಂಟು, ಇಲ್ಲದಿದ್ದರೆ ದಾನಿಯ ಮೊಬೈಲಿನಲ್ಲಿರುವ ಫೋಟೊ ಒಂದೇ. ಆ ಫೋಟೊದಲ್ಲಿ ಬ್ಯಾಗು ಹಿಡಿದು ನಿಲ್ಲಿಸಿದ ಮಗುವಿನ ಮುಖವನ್ನು ಊರೆಲ್ಲ ನೋಡುತ್ತದೆ. ಹಾಗೆ ನಿಲ್ಲುವುದು ಐದನೇ ತರಗತಿಯ ಹುಡುಗಿಗೆ ಹೇಗನ್ನಿಸುತ್ತದೆ ಎಂದು ಯಾರೂ ಕೇಳುವುದಿಲ್ಲ.

ಇನ್ನು ವಸ್ತುಗಳು ನಿಜವಾಗಿ ಏನಾಗುತ್ತವೆ ಎಂಬುದನ್ನು ನೋಡಿ. ಪಠ್ಯಪುಸ್ತಕ, ಸಮವಸ್ತ್ರ, ಶೂ, ಕಾಲುಚೀಲ, ಬಿಸಿಯೂಟ, 2013ರಿಂದ ಕ್ಷೀರಭಾಗ್ಯದ ಹಾಲು, ಇವೆಲ್ಲ ಸರ್ಕಾರದಿಂದಲೇ ಬರುತ್ತವೆ. ಇವುಗಳಾಚೆಗೆ ಜೂನ್ ತಿಂಗಳಲ್ಲಿ ದಾನಿಗಳು ಬರುತ್ತಾರೆ, ಎಲ್ಲರೂ ಒಟ್ಟಿಗೆ ಬರುತ್ತಾರೆ. ಒಂದು ವರ್ಷ ನನ್ನ ಶಾಲೆಯ 28 ಮಕ್ಕಳಿಗೆ ಮೂರು ಕಡೆಯಿಂದ ನೋಟ್‌ಬುಕ್ ಬಂದವು. ಮೂರೂ ಕಡೆಯವರು ತಂದದ್ದು ಒಂದೇ ಬಗೆಯ, ಇನ್ನೂರು ಪುಟದ ಒಂಟಿ ಗೆರೆಯ ಪುಸ್ತಕ. ಒಂದನೇ ತರಗತಿಯ ಮಗುವಿಗೆ ಇಂಗ್ಲಿಷ್ ಅಕ್ಷರ ತಿದ್ದಲು ನಾಲ್ಕು ಗೆರೆಯ ಪುಸ್ತಕ ಬೇಕು, ಲೆಕ್ಕಕ್ಕೆ ಚೌಕುಳಿ ಪುಸ್ತಕ ಬೇಕು. ಅವು ಒಂದೂ ಇರಲಿಲ್ಲ. ಅಷ್ಟೂ ಪುಸ್ತಕಗಳು ದಸರಾ ರಜೆಗೆ ಮುಂಚೆಯೇ ಹರಿದೋ ಕಳೆದೋ ಮುಗಿದವು. ಡಿಸೆಂಬರಿನಲ್ಲಿ, ನಿಜವಾಗಿ ಪುಸ್ತಕ ತೀರಿದ ಕಾಲದಲ್ಲಿ, ಕೊಡಲು ಬಂದವರು ಯಾರೂ ಇಲ್ಲ. ನಮ್ಮ ಖಾತೆಯಲ್ಲಿ ಎರಡು ಸಾವಿರ ರೂಪಾಯಿ ಇದ್ದಿದ್ದರೆ ಮಂಡ್ಯದ ಅಂಗಡಿಯಿಂದ ಅವತ್ತೇ ತರಿಸುತ್ತಿದ್ದೆ.

ಇನ್ನೊಂದು ಶಾಲೆಗೆ ಒಬ್ಬ ಹಿರಿಯರು ನೀರು ಶುದ್ಧೀಕರಣದ ಯಂತ್ರ ಕೊಟ್ಟರು. ಮನಸ್ಸು ತುಂಬಿ ಕೊಟ್ಟದ್ದು, ಅದರಲ್ಲಿ ಅನುಮಾನವಿಲ್ಲ. ಆ ಊರಿನ ಬೋರ್‌ವೆಲ್ ನೀರು ಬಹಳ ಗಡಸು, ಪಾತ್ರೆಯ ತಳದಲ್ಲಿ ಸುಣ್ಣದಂತೆ ಬಿಳಿಯ ಪದರ ಕಟ್ಟುವ ನೀರು. ಎಂಟು ತಿಂಗಳಲ್ಲಿ ಫಿಲ್ಟರು ಕಟ್ಟಿಕೊಂಡಿತು. ಬದಲಿಸಲು ಮೈಸೂರಿನಿಂದ ಬಂದ ಮೆಕ್ಯಾನಿಕ್ 4,200 ರೂಪಾಯಿ ಎಂದರು. ಸಮಗ್ರ ಶಿಕ್ಷಣ ಯೋಜನೆಯಡಿ ಶಾಲೆಗೆ ವರ್ಷಕ್ಕೊಮ್ಮೆ ಬರುವ ಅನುದಾನ 30ರವರೆಗೆ ಮಕ್ಕಳಿರುವ ಶಾಲೆಗೆ 10,000 ರೂ., 100ರವರೆಗೆ ಇದ್ದರೆ 25,000 ರೂ.; ಸೀಮೆಸುಣ್ಣದಿಂದ ಹಿಡಿದು ರಿಪೇರಿಯವರೆಗೆ ಎಲ್ಲವೂ ಅದರಲ್ಲೇ ಆಗಬೇಕು. ಅಂಥ ಚಿಕ್ಕ ಶಾಲೆ 4,200 ರೂಪಾಯಿಯನ್ನು ಒಂದು ಫಿಲ್ಟರಿಗೆ ಎಲ್ಲಿಂದ ತರಬೇಕು? ಯಂತ್ರ ಗೋಡೆಯ ಮೇಲೆ ಉಳಿಯಿತು, ಅದರ ಮೇಲೆ ದಾನಿಯ ತಂದೆಯವರ ಹೆಸರೂ ಉಳಿಯಿತು, ಮಕ್ಕಳು ಮತ್ತೆ ಸ್ಟೀಲ್ ಡ್ರಮ್ಮಿನ ನೀರಿಗೆ ಮರಳಿದರು. ವಸ್ತು ಪೋಲಾಗುವುದಿಲ್ಲ ಎಂದು ಹೇಳುವವರನ್ನು ಆ ಗೋಡೆಯ ಮುಂದೆ ನಿಲ್ಲಿಸಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಇಲ್ಲಿ ಒಬ್ಬರು ತಕರಾರು ಎತ್ತಿದ್ದರು: ಕೇಂದ್ರ ಸರ್ಕಾರ 2021ರಲ್ಲಿ ತೆರೆದ ವಿದ್ಯಾಂಜಲಿ ಜಾಲತಾಣದಲ್ಲೂ ಹಣ ತೆಗೆದುಕೊಳ್ಳುವುದಿಲ್ಲ, ಸೇವೆ ಅಥವಾ ಸಾಮಗ್ರಿಯನ್ನೇ ಕೇಳುತ್ತಾರೆ, ಹಾಗಾದರೆ ವಸ್ತುವೇ ಮೇಲಲ್ಲವೇ ಎಂದು. ತಕರಾರು ಸರಿಯಾದದ್ದೇ. ಆದರೆ ಅಲ್ಲಿನ ಕ್ರಮವನ್ನು ಗಮನಿಸಿ. ತನಗೆ ಇಂಥದ್ದು ಬೇಕೆಂದು ಮೊದಲು ಶಾಲೆ ನಮೂದಿಸುತ್ತದೆ, ಅದನ್ನು ನೋಡಿ ದಾನಿ ಮುಂದೆ ಬರುತ್ತಾರೆ. ನಾನು ಹೇಳುತ್ತಿರುವುದೂ ಅದನ್ನೇ. ನನ್ನ ಜಗಳ ಬ್ಯಾಗಿನೊಡನೆ ಅಲ್ಲ, ಕೇಳದೆ ತಂದ ಬ್ಯಾಗಿನೊಡನೆ.

ಹಾಗಾದರೆ ನಿಮ್ಮ ಹದಿನೈದು ಸಾವಿರದಿಂದ ಏನಾದೀತು? ನನ್ನನ್ನು ಕೇಳಿದರೆ ಶೌಚಾಲಯ ಎನ್ನುತ್ತೇನೆ, ಕಟ್ಟುವುದಕ್ಕಲ್ಲ, ತೊಳೆಯುವುದಕ್ಕೆ. ನಮ್ಮ ಬಹುತೇಕ ಪ್ರಾಥಮಿಕ ಶಾಲೆಗಳಲ್ಲಿ ಶೌಚಾಲಯದ ಕಟ್ಟಡವಿದೆ, ಅದನ್ನು ತೊಳೆಯಲು ನೇಮಕವಾದವರು ಇಲ್ಲ. ವಾರ್ಷಿಕ ಅನುದಾನದಲ್ಲಿ ಕನಿಷ್ಠ ಹತ್ತನೆಯ ಒಂದು ಭಾಗವನ್ನು ಸ್ವಚ್ಛತೆಗೆ ಬಳಸಬೇಕೆಂಬ ನಿಯಮವಿದೆ. ಹತ್ತು ಸಾವಿರದಲ್ಲಿ ಅದು ಒಂದು ಸಾವಿರವಾಯಿತು, ಫಿನಾಯಿಲ್ ಮತ್ತು ಪೊರಕೆಗೆ ಸರಿಹೋಯಿತು. ಶೌಚಾಲಯ ಗಲೀಜಾಗಿದ್ದರೆ ಆರು, ಏಳನೇ ತರಗತಿಯ ಹೆಣ್ಣುಮಕ್ಕಳು ಬೆಳಗಿನಿಂದ ಸಂಜೆಯವರೆಗೆ ನೀರೇ ಕುಡಿಯದೆ ಕೂರುತ್ತಾರೆ. ಬಿಸಿಯೂಟವಾದ ಮೇಲೆ ಲೋಟ ಹಿಡಿದು, ಒಂದೇ ಒಂದು ಗುಟುಕು ಕುಡಿದು, ಉಳಿದದ್ದನ್ನು ಗಿಡಕ್ಕೆ ಚೆಲ್ಲುತ್ತಿದ್ದ ಹುಡುಗಿಯನ್ನು ನಾನು ವಿಚಾರಿಸಿದಾಗಲೇ ನನಗೆ ಇದು ತಿಳಿದದ್ದು; ತಡವಾಗಿ ತಿಳಿಯಿತಲ್ಲ ಎಂಬ ನೋವು ಇಂದಿಗೂ ಇದೆ. ಊರಿನ ಒಬ್ಬ ಹೆಂಗಸಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಟ್ಟರೆ ನಿಮ್ಮ ಹದಿನೈದು ಸಾವಿರಕ್ಕೆ ಸರಿಯಾಗುತ್ತದೆ. ಇದಕ್ಕೆ ಫಲಕ ಹಾಕಲು ಆಗುವುದಿಲ್ಲ, ಫೋಟೊ ತೆಗೆಯಲು ಆಗುವುದಿಲ್ಲ.

ಪ್ರತಿದಿನ ಬೇಕಾದದ್ದಕ್ಕೆ ಕೊಡುವುದು ನಮ್ಮ ಕಡೆ ಹೊಸದೇನೂ ಅಲ್ಲ. ಮೈಸೂರಿನಲ್ಲಿ ಎಷ್ಟೋ ಬಡ ವಿದ್ಯಾರ್ಥಿಗಳು ವಾರಾನ್ನದಿಂದ ಓದಿದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಏಳು ಮನೆಗಳು ಒಬ್ಬ ಹುಡುಗನ ಊಟವನ್ನು ವರ್ಷಗಟ್ಟಲೆ ಹೊತ್ತವು. ಸುತ್ತೂರು ಮಠದ ರಾಜೇಂದ್ರ ಸ್ವಾಮಿಗಳು 1941ರಲ್ಲಿ ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯ ತೆರೆದಾಗ ನಡೆಸಿದ್ದೂ ದಿನನಿತ್ಯದ ದಾಸೋಹವನ್ನೇ. ಮರಿಮಲ್ಲಪ್ಪನವರು ವಿದ್ಯೆಗೆಂದು ಬಿಟ್ಟುಹೋದದ್ದು ಹಣವನ್ನು. 1876ರಲ್ಲಿ ಅದರಿಂದ ಹುಟ್ಟಿದ ಶಾಲೆಯನ್ನು ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರಂಥ ಮುಖ್ಯೋಪಾಧ್ಯಾಯರು ಬೆಳೆಸಿದರು, ಅದು ಇಂದಿಗೂ ನಡೆಯುತ್ತಿದೆ. ನಮ್ಮ ಕಾಲದಲ್ಲೇ ನೋಡಿ: ಶಾಲಾ ಮಕ್ಕಳಿಗೆ ವಾರದಲ್ಲಿ ಎರಡು ದಿನ ಸಿಗುತ್ತಿದ್ದ ಮೊಟ್ಟೆ 2024ರಿಂದ ಆರು ದಿನವೂ ಸಿಗುವಂತಾದದ್ದು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿದ್ದರಿಂದ. ಅದೂ ತಿಂದು ಮುಗಿದುಹೋಗುವ ವಸ್ತುವಿಗೇ ಕೊಟ್ಟ ಹಣ.

ತೆರಿಗೆಯ ವಿಚಾರವನ್ನು ಬೇಗ ಮುಗಿಸುತ್ತೇನೆ. 80ಜಿ ಎಂದು ಹೆಸರಾದ ವಿನಾಯಿತಿ, ಆ ನೋಂದಣಿ ಇರುವ ಟ್ರಸ್ಟಿಗೆ ಕೊಟ್ಟ ಹಣಕ್ಕೆ ಮಾತ್ರ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ ದೊರೆಯುತ್ತದೆ. ನಗದಾಗಿ ಕೊಟ್ಟದ್ದು 2,000 ರೂಪಾಯಿ ಮೀರಿದರೆ ಲೆಕ್ಕಕ್ಕೆ ಬರುವುದಿಲ್ಲ, ವಸ್ತುರೂಪದ ದಾನವಂತೂ ಬರುವುದೇ ಇಲ್ಲ. ಊರಿನ ಶಾಲೆಗೆ ಕೊಡುವಾಗ ಇದನ್ನು ಮನಸ್ಸಿನಿಂದ ತೆಗೆದುಬಿಡುವುದು ಒಳ್ಳೆಯದು.

ಇಷ್ಟು ಬರೆಯುವಾಗ, ಯಾರೂ ಕೇಳದಿದ್ದರೂ ಹೇಳಲೇಬೇಕಾದ ಇನ್ನೊಂದು ವಿಷಯ ನೆನಪಿಗೆ ಬರುತ್ತಿದೆ: ದತ್ತಿ ಬಹುಮಾನ. ನಮ್ಮ ಎಷ್ಟೋ ಪ್ರೌಢಶಾಲೆಗಳಲ್ಲಿ ಹಿಂದಿನವರು ಇಟ್ಟುಹೋದ ದತ್ತಿಗಳಿವೆ. ತಾಯಿಯ ಹೆಸರಿನಲ್ಲಿ ಬ್ಯಾಂಕಿನಲ್ಲಿ ಒಂದು ಇಡಗಂಟು, ಅದರ ಬಡ್ಡಿಯಿಂದ ಕನ್ನಡದಲ್ಲಿ ಅತಿ ಹೆಚ್ಚು ಅಂಕ ಪಡೆದವರಿಗೆ ಬಹುಮಾನ. ನಾನು ಕಂಡ ಒಂದು ದತ್ತಿಯ ಮೊತ್ತ 500 ರೂಪಾಯಿ. ಇಟ್ಟ ಕಾಲದಲ್ಲಿ ಅದು ದೊಡ್ಡ ಹಣ. ಈಗ ವರ್ಷಕ್ಕೆ ಬರುವ ಬಡ್ಡಿ ಮೂವತ್ತು ಚಿಲ್ಲರೆ ರೂಪಾಯಿ. ವಾರ್ಷಿಕೋತ್ಸವದ ದಿನ ದಾನಿಯ ಹೆಸರು ಓದಿ, ಶಿಕ್ಷಕರೇ ಕೈಯಿಂದ ಹಣ ಸೇರಿಸಿ ತಂದ ಸ್ಟೀಲ್ ತಟ್ಟೆಯನ್ನು ಮಗುವಿಗೆ ಕೊಡಲಾಗುತ್ತದೆ. ನಿಮ್ಮ ಮನೆಯವರ ಹೆಸರಿನಲ್ಲಿ ಇಂಥ ಹಳೆಯ ದತ್ತಿ ಇದ್ದರೆ, ಹೊಸದನ್ನು ಹುಡುಕುವ ಮೊದಲು ಅದನ್ನು ವಿಚಾರಿಸಿ, ಇಡಗಂಟನ್ನು ಹೆಚ್ಚಿಸಿ.

ಹೆಚ್ಚಿಸುವಾಗ ಷರತ್ತನ್ನೂ ಒಮ್ಮೆ ಓದಿ ನೋಡಿ. ಅತಿ ಹೆಚ್ಚು ಅಂಕ ಪಡೆದವರಿಗೆ ಬಹುಮಾನ ಕೊಡಲು ಎಲ್ಲರೂ ಇದ್ದಾರೆ. ಗಣಿತ ಒಂದರಲ್ಲಿ ಫೇಲಾದವರಿಗೆ ಯಾರಿದ್ದಾರೆ? ಈಗ ಎಸ್‌ಎಸ್‌ಎಲ್‌ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮೊದಲನೆಯದರ ಫಲಿತಾಂಶಕ್ಕೂ ಎರಡನೆಯ ಪರೀಕ್ಷೆಗೂ ನಡುವೆ ಇರುವುದು ಕೆಲವೇ ವಾರ. ಫೇಲಾದ ಹುಡುಗ ಆ ವಾರಗಳಲ್ಲಿ ಗದ್ದೆಗೋ ಗಾರೆ ಕೆಲಸಕ್ಕೋ ಹೋಗಿಬಿಟ್ಟರೆ ಮತ್ತೆ ಪುಸ್ತಕದ ಕಡೆ ಬರುವುದು ಕಷ್ಟ. ನಮ್ಮ ಪಕ್ಕದ ಹೋಬಳಿಯ ಒಂದು ಪ್ರೌಢಶಾಲೆಯಲ್ಲಿ ದತ್ತಿ ಇಟ್ಟವರ ಮೊಮ್ಮಗ ಇಡಗಂಟನ್ನು 50,000 ರೂಪಾಯಿಗೆ ಏರಿಸಿ, ಒಂದು ವಿಷಯದಲ್ಲಿ ಫೇಲಾದವರ ಪಾಠಕ್ಕೆ ಬಡ್ಡಿ ಬಳಕೆಯಾಗಲಿ ಎಂದು ಬರೆದುಕೊಟ್ಟರು. ಮೂರು ಸಾವಿರದ ಚಿಲ್ಲರೆ ಬಡ್ಡಿಯಲ್ಲಿ ಮಕ್ಕಳಿಗೆ ಸಂಜೆಯ ಬನ್ನು, ಟೀ, ಹಳೆಯ ಪ್ರಶ್ನೆಪತ್ರಿಕೆಗಳ ಜೆರಾಕ್ಸು, ದೂರದಿಂದ ಬರುವ ಹುಡುಗರ ಬಸ್ ಚಾರ್ಜು ಆಗುತ್ತದೆ; ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಇದೆ.

ಪಾಠ ಹೇಳುವವರು ನಿವೃತ್ತರಾದ ನಾವು ಮೂವರು. ಸಮಯ ಕೊಡಬೇಕೆನ್ನುವವರಿಗೆ ನಾನು ಇದನ್ನೇ ಸೂಚಿಸುತ್ತೇನೆ, ಏಕೆಂದರೆ ಇಲ್ಲಿ ತರಗತಿಯ ಶಿಕ್ಷಕರ ಕೆಲಸಕ್ಕೆ ಅಡ್ಡಿಯಾಗುವುದಿಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾದ ನಲಿಕಲಿ ಪದ್ಧತಿಯ ಕೊಠಡಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಗುಂಪುಗುಂಪಾಗಿ ಬೇರೆ ಬೇರೆ ಮೆಟ್ಟಿಲಲ್ಲಿ ಕಲಿಯುತ್ತಿರುತ್ತಾರೆ. ಅಲ್ಲಿಗೆ ತಿಂಗಳಿಗೊಮ್ಮೆ ಬಂದು ಬೋರ್ಡಿನ ಮೇಲೆ ತಮಗೆ ತೋಚಿದ ಪಾಠ ಮಾಡಿ ಹೋಗುವ ಸ್ವಯಂಸೇವಕರಿಂದ ಶಿಕ್ಷಕಿಗೆ ಎರಡು ದಿನದ ಕೆಲಸ ಹೆಚ್ಚುತ್ತದೆ. ಫೇಲಾದ ನಾಲ್ಕು ಮಕ್ಕಳ ಜೊತೆ ಮೂರು ವಾರ, ದಿನಕ್ಕೆ ಎರಡು ಗಂಟೆ ಕೂತು, ಎರಡು ಅಂಕದ ಲೆಕ್ಕಗಳನ್ನೂ ನಕ್ಷೆ ಬಿಡಿಸುವುದನ್ನೂ ಮತ್ತೆ ಮತ್ತೆ ಮಾಡಿಸಲು ಬಿ.ಎಡ್. ಬೇಕಿಲ್ಲ, ತಾಳ್ಮೆ ಬೇಕು.

ಪ್ರಶ್ನೆ ಕೇಳಿದವರು ಶಾಲೆಗೆ ಹೋಗುವುದಾದರೆ ಜೂನ್ ಮೊದಲ ವಾರ ಬೇಡ, ದಾಖಲಾತಿಯ ಗಲಾಟೆ ಇರುತ್ತದೆ. ಜುಲೈನಲ್ಲಿ ಒಂದು ಶನಿವಾರ, ಬೆಳಗಿನ ಶಾಲೆ ಬಿಡುವ ಹೊತ್ತಿಗೆ ಹೋಗಿ. ಮುಖ್ಯಶಿಕ್ಷಕರು ಏನು ಬೇಕೆಂದು ಹೇಳುವ ಮೊದಲು ಸಂಕೋಚಪಡುತ್ತಾರೆ, “ನಿಮ್ಮ ಇಷ್ಟ ಸರ್” ಎನ್ನುತ್ತಾರೆ. ಅಲ್ಲಿಗೇ ನಿಲ್ಲಿಸಬೇಡಿ. ಶೌಚಾಲಯ ಯಾರು ತೊಳೆಯುತ್ತಾರೆ ಎಂದು ಕೇಳಿ.