ಸಕ್ಕರೆ ಕಾಯಿಲೆಯ ವಂಶವಾಹಿ: ಅರವತ್ತು ವರ್ಷಗಳ ಹುಡುಕಾಟ

ಮನೆಯಲ್ಲಿ ಯಾರಿಗಾದರೂ ಶುಗರ್ ಇದೆಯೇ ಎಂದು ಕೇಳದ ವೈದ್ಯರಿಲ್ಲ. ತಂದೆಗೆ ಇತ್ತು, ಅಕ್ಕನಿಗೂ ಬಂದಿದೆ ಎಂದರೆ ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ. ಅಲ್ಲಿಂದ ಮಾತು ಅನ್ನ, ಸಿಹಿ, ನಡಿಗೆಯ ಕಡೆಗೆ ಹೊರಳುತ್ತದೆ. ಕಾಯಿಲೆ ವಂಶದಿಂದ ಬಂದದ್ದು ಎನ್ನುತ್ತಲೇ ತಪ್ಪನ್ನು ಊಟದ ತಟ್ಟೆಯ ಮೇಲೆ ಹೊರಿಸುವ ಈ ರೂಢಿಗೆ ಹಳೆಯ ಬೇರುಗಳಿವೆ.

1962ರಲ್ಲಿ ಅಮೆರಿಕದ ತಳಿವಿಜ್ಞಾನಿ ಜೇಮ್ಸ್ ನೀಲ್ ಒಂದು ಊಹೆಯನ್ನು ಮುಂದಿಟ್ಟರು. ಸಿಕ್ಕಿದ್ದನ್ನು ಕೊಬ್ಬಾಗಿ ಕೂಡಿಡುವ ‘ಮಿತವ್ಯಯಿ’ ವಂಶವಾಹಿಗಳು ಬರಗಾಲದಲ್ಲಿ ಜೀವ ಉಳಿಸಿದವು, ಹೊಟ್ಟೆ ತುಂಬ ಸಿಗುವ ಕಾಲ ಬಂದಾಗ ಅವೇ ಮಧುಮೇಹ ತಂದವು ಎಂಬುದು ಅದರ ಸಾರ. ಕೇಳಿದ ಕೂಡಲೇ ಒಪ್ಪಿಗೆಯಾಗುವ ವಿವರಣೆ ಅದು. ಆದರೆ ಅಂಥ ವಂಶವಾಹಿಯನ್ನು ಯಾರೂ ತೋರಿಸಿರಲಿಲ್ಲ. ಮಧುಮೇಹವು ತಳಿವಿಜ್ಞಾನಿಯ ಪಾಲಿನ ದುಃಸ್ವಪ್ನ ಎಂದು ಮುಂದೆ ನೀಲ್ ಅವರೇ ಬರೆದರು. ಅಷ್ಟರಲ್ಲಿ ಊಹೆ ಜನರ ಮಾತಿನಲ್ಲಿ ಬೆರೆತುಹೋಗಿತ್ತು. ಅದರ ಜತೆಗೆ ಹೆಚ್ಚಿನವರಿಗೆ ಬರುವ ಟೈಪ್ 2 ಮಧುಮೇಹವೆಂದರೆ ದಪ್ಪ ಮೈ, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್‌ಗೆ ಸ್ಪಂದಿಸದ ಮೈ ಎಂಬ ಚಿತ್ರವೂ ಗಟ್ಟಿಯಾಯಿತು.

ಚಿತ್ರ ಬದಲಾದದ್ದು ಅಪರೂಪದ ಕೆಲವು ಕುಟುಂಬಗಳಿಂದ. 1970ರ ದಶಕದಲ್ಲಿ ರಾಬರ್ಟ್ ಟ್ಯಾಟರ್ಸಲ್ ಮತ್ತು ಸ್ಟೀಫನ್ ಫಾಯನ್ಸ್, ಎಳೆಯ ವಯಸ್ಸಿನಲ್ಲೇ ಬಂದರೂ ಸೌಮ್ಯವಾಗಿರುವ, ತಲೆಮಾರಿನಿಂದ ತಲೆಮಾರಿಗೆ ತಪ್ಪದೆ ಇಳಿಯುವ ಮಧುಮೇಹವನ್ನು ವಿವರಿಸಿದರು. ಎಳೆಯರಲ್ಲಿ ಕಾಣುವ ದೊಡ್ಡವರ ಬಗೆಯ ಮಧುಮೇಹ ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಅದಕ್ಕೆ ಮೋಡಿ (MODY) ಎಂಬ ಸಂಕ್ಷಿಪ್ತ ಹೆಸರು ನಿಂತಿತು. 1992ರಲ್ಲಿ ಅದರ ಒಂದು ಬಗೆಗೆ ಕಾರಣವಾದ ವಂಶವಾಹಿ ಸಿಕ್ಕಿತು: ಗ್ಲೂಕೋಕೈನೇಸ್. ಸಕ್ಕರೆ ಎಷ್ಟಿದೆ ಎಂದು ಅಳೆಯಲು ಇನ್ಸುಲಿನ್ ತಯಾರಿಸುವ ಬೀಟಾ ಕೋಶ ಬಳಸುವ ಕಿಣ್ವವನ್ನು ರೂಪಿಸುವ ವಂಶವಾಹಿ ಇದು. ಇದರಲ್ಲಿ ದೋಷವಿದ್ದವರ ದೇಹ ಹುಟ್ಟಿನಿಂದಲೇ ಸಕ್ಕರೆಯನ್ನು ತುಸು ಮೇಲಿನ ಮಟ್ಟದಲ್ಲಿ ಕಾಯ್ದುಕೊಳ್ಳುತ್ತದೆ. ಅದು ಏರುತ್ತಲೂ ಹೋಗುವುದಿಲ್ಲ. ಗರ್ಭಿಣಿಯರನ್ನು ಬಿಟ್ಟರೆ ಹೆಚ್ಚಿನವರಿಗೆ ಔಷಧಿಯೇ ಬೇಕಿಲ್ಲ. ಗೊತ್ತಾಗದೆ ವರ್ಷಗಟ್ಟಲೆ ಮಾತ್ರೆ ನುಂಗಿದವರು ಇದ್ದಾರೆ.

ಈ ಇತಿಹಾಸದಲ್ಲಿ ನಿಧಾನವಾಗಿ ನೋಡಬೇಕಾದ ಘಟ್ಟ ಮುಂದಿನದು. ಮೇದೋಜ್ಜೀರಕ ಗ್ರಂಥಿಯ ಬೀಟಾ ಕೋಶಗಳು ಇನ್ಸುಲಿನ್ನನ್ನು ಮೊದಲೇ ತಯಾರಿಸಿ ಕೂಡಿಟ್ಟುಕೊಂಡಿರುತ್ತವೆ. ಬಿಡುಗಡೆಯ ಅಪ್ಪಣೆ ಸಿಗುವುದು ಕೋಶದ ಪೊರೆಯಲ್ಲಿರುವ ಒಂದು ಪೊಟ್ಯಾಸಿಯಂ ನಾಳದಿಂದ. ಕೆರೆಯ ತೂಬಿನಂತೆ ಅದು ತೆರೆದಿರುವಷ್ಟು ಹೊತ್ತು ಪೊಟ್ಯಾಸಿಯಂ ಹೊರಗೆ ಹರಿಯುತ್ತದೆ, ಕೋಶ ಸುಮ್ಮನಿರುತ್ತದೆ. ಊಟವಾಗಿ ಸಕ್ಕರೆ ಒಳಗೆ ಬಂದು ಉರಿದಾಗ ಎಟಿಪಿ ಎಂಬ ಶಕ್ತಿಕಣಗಳು ಹೆಚ್ಚುತ್ತವೆ, ಅವು ನಾಳವನ್ನು ಮುಚ್ಚುತ್ತವೆ. ಆಗ ಕೋಶದ ವಿದ್ಯುತ್ ಸ್ಥಿತಿ ಬದಲಾಗಿ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಇನ್ಸುಲಿನ್ ಹೊರಬೀಳುತ್ತದೆ. ಸಕ್ಕರೆ ಈ ನಾಳವನ್ನು ಮುಚ್ಚುತ್ತದೆ ಎಂಬುದನ್ನು ಬ್ರಿಟನ್ನಿನ ಫ್ರಾನ್ಸಿಸ್ ಆಶ್‌ಕ್ರಾಫ್ಟ್ 1984ರಲ್ಲಿ ತೋರಿಸಿದರು. ಆ ನಾಳದ ಒಂದು ಭಾಗವನ್ನು ರೂಪಿಸುವ ವಂಶವಾಹಿಯ ಹೆಸರು ಕೆಸಿಎನ್‌ಜೆ11.

ಹುಟ್ಟಿದ ಕೆಲವೇ ವಾರಗಳಲ್ಲಿ ಮಧುಮೇಹ ಬರುವ ಶಿಶುಗಳಿರುತ್ತವೆ. ಕೈಯಲ್ಲಿ ಹಿಡಿದರೆ ಮೂರು ಕಿಲೋ ತೂಗದ ಕೂಸಿಗೆ ಇನ್ಸುಲಿನ್ ಚುಚ್ಚುವುದೆಂದರೆ ಅರ್ಧ ಯೂನಿಟ್‌ಗೂ ಲೆಕ್ಕ ಹಾಕಬೇಕು, ಔಷಧಿಯನ್ನು ತೆಳುವಾಗಿಸಿ ಕೊಡಬೇಕು. ತುಸು ಹೆಚ್ಚಾದರೆ ಸಕ್ಕರೆ ಕುಸಿದು ಮಗು ಅಳುವುದನ್ನೂ ನಿಲ್ಲಿಸುತ್ತದೆ. ಈ ಮಕ್ಕಳನ್ನು ಟೈಪ್ 1, ಅಂದರೆ ಇನ್ಸುಲಿನ್ ತಯಾರಿಕೆಯೇ ನಿಂತುಹೋಗುವ ಬಗೆ, ಎಂದು ಬರೆದು, ಬದುಕಿರುವಷ್ಟು ಕಾಲ ಇಂಜೆಕ್ಷನ್ ಎಂದು ತಾಯಿತಂದೆಯರಿಗೆ ಹೇಳಿ ಕಳಿಸಲಾಗುತ್ತಿತ್ತು. 2004ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನ ಆಂಡ್ರ್ಯೂ ಹ್ಯಾಟರ್‌ಸ್ಲಿ, ಆನಾ ಗ್ಲಾಯ್ನ್ ಮತ್ತು ಆಶ್‌ಕ್ರಾಫ್ಟ್ ಅವರ ಬಳಗ ಇಂಥ ಹಲವು ಮಕ್ಕಳಲ್ಲಿ ಕೆಸಿಎನ್‌ಜೆ11 ದೋಷವನ್ನು ಗುರುತಿಸಿತು. ಇನ್ಸುಲಿನ್ ಇತ್ತು, ನಾಳ ಮುಚ್ಚುತ್ತಿರಲಿಲ್ಲ.

ಆ ನಾಳವನ್ನು ಎಟಿಪಿಯ ಹಂಗಿಲ್ಲದೆ ಮುಚ್ಚಬಲ್ಲ ಔಷಧಿ ದಶಕಗಳಿಂದ ಔಷಧಿ ಅಂಗಡಿಗಳಲ್ಲಿತ್ತು. ನಮ್ಮಲ್ಲೂ ವಯಸ್ಸಾದ ಅನೇಕರು ನುಂಗಿರುವ ಅಗ್ಗದ ಗ್ಲಿಬೆನ್‌ಕ್ಲಮೈಡ್ ಮಾತ್ರೆ. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ದೋಷವಿದ್ದ 49 ಮಂದಿಗೆ ಆ ಗುಂಪಿನ ಮಾತ್ರೆ ಕೊಟ್ಟು ನೋಡಿದರು. 44 ಮಂದಿ ಇನ್ಸುಲಿನ್ ಚುಚ್ಚುಮದ್ದನ್ನು ಪೂರ್ತಿ ಬಿಟ್ಟರು, ಅವರ ಸಕ್ಕರೆ ಮೊದಲಿಗಿಂತ ಚೆನ್ನಾಗಿ ಹತೋಟಿಗೆ ಬಂತು. ವಂಶವಾಹಿಯೊಂದನ್ನು ಓದಿ, ಸೂಜಿಯನ್ನು ಪಕ್ಕಕ್ಕಿಟ್ಟು, ಪುಡಿಮಾಡಿದ ಮಾತ್ರೆಯನ್ನು ನೀರಿನಲ್ಲಿ ಕದಡಿ ಕುಡಿಸಿದರೆ ಸಾಕು ಎನ್ನುವಂಥ ಗೆಲುವು ವೈದ್ಯಕೀಯದಲ್ಲಿ ಪದೇ ಪದೇ ಸಿಗುವುದಿಲ್ಲ. ಅದು ನಗರದ ದೊಡ್ಡ ಆಸ್ಪತ್ರೆಗಳನ್ನು ದಾಟಿ ತಾಲ್ಲೂಕು ಆಸ್ಪತ್ರೆಯ ಮಕ್ಕಳ ವಾರ್ಡಿಗೂ ತಲುಪಬೇಕಿತ್ತು.

ಸಾಮಾನ್ಯವಾದ ಟೈಪ್ 2 ಮಧುಮೇಹದ ವಂಶವಾಹಿಯ ಹುಡುಕಾಟ ಇಷ್ಟು ಸಲೀಸಾಗಿರಲಿಲ್ಲ. 2000ದಲ್ಲಿ ಮೆಕ್ಸಿಕನ್ ಅಮೆರಿಕನ್ನರಲ್ಲಿ ಸಿಕ್ಕ ಕ್ಯಾಲ್‌ಪೇನ್-10 ಎಂಬ ವಂಶವಾಹಿ ಭಾರಿ ಸುದ್ದಿಯಾಗಿ, ಬೇರೆಡೆ ಅಷ್ಟಾಗಿ ದೃಢಪಡದೆ ಹಿಂದೆ ಸರಿಯಿತು. 2006ರಲ್ಲಿ ಐಸ್‌ಲ್ಯಾಂಡಿನ ತಂಡವೊಂದು ಟಿಸಿಎಫ್7ಎಲ್2 ವಂಶವಾಹಿಯ ಒಂದು ಮಾರ್ಪಾಡನ್ನು ಗುರುತಿಸಿತು. ಅದು ನಿಂತಿತು. ಮರುವರ್ಷವೇ ಪುಣೆ ಮತ್ತು ಚೆನ್ನೈಯ ಸಂಶೋಧಕರು ಭಾರತೀಯರಲ್ಲೂ ಅದನ್ನು ಕಂಡರು. ಆದರೆ ಅದರ ಒಂದು ಪ್ರತಿ ಹೆಚ್ಚಿಸುವ ಅಪಾಯ ಸುಮಾರು 1.4 ಪಟ್ಟು ಮಾತ್ರ. 2007ರಿಂದಾಚೆಗೆ ಪಟ್ಟಿ ಬೆಳೆಯುತ್ತಲೇ ಹೋಯಿತು. 25 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದ 2024ರ ಅಧ್ಯಯನದಲ್ಲಿ ಮಧುಮೇಹಕ್ಕೆ ನಂಟಿರುವ ಡಿಎನ್‌ಎಯ 611 ತಾಣಗಳಿವೆ. ಒಂದೊಂದರ ಪಾಲೂ ಕಿರಿದು. ‘ಮಧುಮೇಹದ ಜೀನ್ ಪತ್ತೆ’ ಎಂಬ ತಲೆಬರಹಗಳು ಓದುಗರನ್ನು ಗೊಂದಲಕ್ಕೆ ದೂಡಿದ್ದು ಇದರಿಂದಲೇ.

ಆದರೂ ಈ ಪಟ್ಟಿ ಹೇಳಿದ್ದು ಸಣ್ಣ ಸಂಗತಿಯಲ್ಲ. ಮೊದಲ ಸುತ್ತಿನಲ್ಲಿ ಸಿಕ್ಕ ವಂಶವಾಹಿಗಳಲ್ಲಿ ಹೆಚ್ಚಿನವು ಬೊಜ್ಜಿನವಲ್ಲ, ಇನ್ಸುಲಿನ್ ಸ್ರವಿಸುವ ಬೀಟಾ ಕೋಶಕ್ಕೆ ಸೇರಿದವು. ಮೈ ಇನ್ಸುಲಿನ್‌ಗೆ ಬಗ್ಗದಿರುವುದು ಅನೇಕರಲ್ಲಿದೆ. ಅವರಲ್ಲಿ ಯಾರ ಬೀಟಾ ಕೋಶ ಆ ಹೆಚ್ಚುವರಿ ದುಡಿಮೆಗೆ ಸೋಲುತ್ತದೋ ಅವರಿಗೆ ಕಾಯಿಲೆ ಬರುತ್ತದೆ. ತೆಳ್ಳಗಿದ್ದೂ ಮೂವತ್ತೈದಕ್ಕೇ ಶುಗರ್ ಬಂದವರು ನಮ್ಮ ಸುತ್ತಮುತ್ತ ಎಷ್ಟಿಲ್ಲ? ದಪ್ಪ ಮೈಯ ಚಿತ್ರದಲ್ಲಿ ಇವರಿಗೆ ಜಾಗವಿರಲಿಲ್ಲ. ಬ್ರಿಟನ್ನಿನಲ್ಲಿರುವ ಬಾಂಗ್ಲಾದೇಶ ಮತ್ತು ಪಾಕಿಸ್ತಾನ ಮೂಲದವರ ಮೇಲೆ ನಡೆದು 2024ರಲ್ಲಿ ಹೊರಬಂದ ಅಧ್ಯಯನ, ದಕ್ಷಿಣ ಏಷ್ಯಾದವರಿಗೆ ಕಾಯಿಲೆ ಬೇಗ ಬರುವುದರ ಹಿಂದೆ ಇನ್ಸುಲಿನ್ ಸ್ರವಿಕೆ ಕಡಿಮೆಯಿರುವ ಆನುವಂಶಿಕ ಪ್ರವೃತ್ತಿಯನ್ನು ಕಂಡಿತು. ಕೊಬ್ಬು ಸೇರಬಾರದ ಕಡೆ ಸೇರುವ ಪ್ರವೃತ್ತಿಯೂ ಅದರ ಜತೆಗಿದೆ.

ಹಾಗೆಂದು ಎಲ್ಲವೂ ವಂಶವಾಹಿಯದೇ ಎನ್ನಲು ಬರುವುದಿಲ್ಲ, ಇದಕ್ಕೆ ಮೈಸೂರಿನಲ್ಲೇ ಸಾಕ್ಷಿಯಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾಖಲಿಸಿಟ್ಟಿತ್ತು. ಆ ಮಕ್ಕಳು ನಡುವಯಸ್ಸಿಗೆ ಬಂದಾಗ ಸಂಶೋಧಕರು ಅವರನ್ನು ಹುಡುಕಿ ಪರೀಕ್ಷಿಸಿದರು. ಇಂಗ್ಲೆಂಡಿನಲ್ಲಿ ಹುಟ್ಟುವಾಗ ತೂಕ ಕಡಿಮೆಯಿದ್ದವರಿಗೆ ಮಧುಮೇಹ ಹೆಚ್ಚಿತ್ತು. ಮೈಸೂರಿನಲ್ಲಿ ಅದು ಹೆಚ್ಚಾಗಿದ್ದದ್ದು ಗಿಡ್ಡಗೆ, ಗುಂಡಗೆ ಹುಟ್ಟಿದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ. ತಾಯಿಯ ರಕ್ತದ ಸಕ್ಕರೆ ಗರ್ಭದಲ್ಲೇ ಮಗುವಿನ ಮೈಯನ್ನು ತಿದ್ದಿರಬೇಕು ಎಂಬ ವಿವರಣೆ ಅಲ್ಲಿಂದ ಬಂತು. ಗರ್ಭ ಮತ್ತು ವಂಶವಾಹಿ ಎರಡನ್ನೂ ಬೇರೆ ಬೇರೆ ಕಪಾಟಿನಲ್ಲಿ ಇಡಲಾಗದು. ಗ್ಲೂಕೋಕೈನೇಸ್ ದೋಷವನ್ನು ತಾನೇ ಪಡೆದ ಶಿಶು ಇನ್ಸುಲಿನ್ ಕಡಿಮೆಯಾಗಿ ಸರಾಸರಿ ಅರ್ಧ ಕಿಲೋ ಹಗುರವಾಗಿ ಹುಟ್ಟುತ್ತದೆ ಎಂದು 1998ರಲ್ಲೇ ತಿಳಿಯಿತು. ದೋಷ ತಾಯಿಯಲ್ಲಿ ಮಾತ್ರ ಇದ್ದರೆ ಮಗು ಸುಮಾರು ಅಷ್ಟೇ ಹೆಚ್ಚುವರಿ ತೂಕದೊಂದಿಗೆ ಹುಟ್ಟುತ್ತದೆ.

ಈಗ ಉಗುಳಿನ ಮಾದರಿ ಪಡೆದು ಮಧುಮೇಹದ ‘ಅಪಾಯದ ಅಂಕ’ ಕೊಡುವ ಪರೀಕ್ಷೆಗಳು ಮಾರುಕಟ್ಟೆಗೆ ಬಂದಿವೆ. ಇಂಥ ಅಂಕಗಳ ಬಹುಪಾಲು ಲೆಕ್ಕ ಯುರೋಪ್ ಮೂಲದವರ ಮಾಹಿತಿಯ ಮೇಲೆ ನಿಂತಿದೆ, ನಮ್ಮವರಿಗೆ ಅದು ಅಷ್ಟು ಸರಿಯಾಗಿ ಹೊಂದುವುದಿಲ್ಲ. ತಂದೆತಾಯಿಗೆ ಶುಗರ್ ಇದ್ದು ಸೊಂಟದ ಸುತ್ತಳತೆ ಹೆಚ್ಚಿದ್ದರೆ ಆ ಅಂಕವಿಲ್ಲದೆಯೂ ರಕ್ತ ಪರೀಕ್ಷೆ ಮಾಡಿಸಬೇಕಾದದ್ದೇ. ವಂಶವಾಹಿ ಪರೀಕ್ಷೆಯಿಂದ ಚಿಕಿತ್ಸೆಯೇ ಬದಲಾಗುವ ಗುಂಪು ಚಿಕ್ಕದು: ಮೊದಲ ಆರು ತಿಂಗಳಲ್ಲಿ ಮಧುಮೇಹ ಬಂದ ಪ್ರತಿಯೊಂದು ಮಗು; ಮೂರು ತಲೆಮಾರಿನಲ್ಲಿ ಎಳೆಯ ವಯಸ್ಸಿಗೇ ಕಾಯಿಲೆ ಬಂದಿರುವ, ದಪ್ಪಗಿಲ್ಲದ ಕುಟುಂಬಗಳು; ವರ್ಷಗಳಿಂದ ಖಾಲಿ ಹೊಟ್ಟೆಯ ಸಕ್ಕರೆ ತುಸು ಮೇಲಿದ್ದು ಏರದೆ ಇಳಿಯದೆ ನಿಂತಿರುವವರು. ಚೆನ್ನೈಯ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಈ ಬಗೆಯ ಮಧುಮೇಹದ ಪರೀಕ್ಷೆಯಲ್ಲಿ ವರ್ಷಗಳಿಂದ ತೊಡಗಿದೆ. ಹಸುಗೂಸಿಗೆ ಮಧುಮೇಹವೆಂದು ತಿಳಿದ ದಿನವೇ ವೈದ್ಯರನ್ನು ಕೇಳಿ ರಕ್ತದ ಮಾದರಿಯನ್ನು ಇಂಥ ಪ್ರಯೋಗಾಲಯಕ್ಕೆ ಕಳಿಸಬೇಕು. ವರದಿ ಬರುವವರೆಗೆ ಇನ್ಸುಲಿನ್ ನಿಲ್ಲಿಸುವಂತಿಲ್ಲ, ಮಾತ್ರೆಗೆ ಬದಲಾಯಿಸುವುದು ತಜ್ಞರ ಕಣ್ಣೆದುರಿಗೇ ಆಗಬೇಕು.