ಗ್ರೌಸ್ ಬೇಟೆಗೆ ಹಳೇ ಜೋಡುನಳಿಗೆ ಕೋವಿ: ಪಾರ್ಕರ್ ಕೊಳ್ಳಲೋ, ಫಾಕ್ಸ್ ಕೊಳ್ಳಲೋ?

ಪ್ರಶ್ನೆ: ನಾನು ಮಿಶಿಗನ್‌ನಲ್ಲಿದ್ದೇನೆ, ಊರು ಕೊಡಗು. ಸೆಪ್ಟೆಂಬರ್‌ನಲ್ಲಿ ಗ್ರೌಸ್ (ಕಾಡುಕೋಳಿಯಂಥ ಹಕ್ಕಿ) ಬೇಟೆ ಶುರುವಾಗುತ್ತದೆ. ಹೊಸ ಕೋವಿ ಬೇಡ, ಹಳೇ ಕಾಲದ ಜೋಡುನಳಿಗೆಯದೇ ಬೇಕು. ಯಾವ ಕಂಪನಿಯದು ಒಳ್ಳೆಯದು?

ಉತ್ತರ: ಈ ಪ್ರಶ್ನೆ ಕೇಳುವವರೆಲ್ಲ ಕಂಪನಿ ಹೆಸರಿನಿಂದಲೇ ಶುರುಮಾಡುತ್ತಾರೆ. ಹೆಸರನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ತೂಕ ನೋಡಿ, ಆಮೇಲೆ ನಳಿಗೆ, ಆಮೇಲೆ ತೋಟಾ ಕೂರುವ ಚೇಂಬರ್. ಈ ಮೂರರಲ್ಲಿ ಪಾಸಾದ ಸಾಧಾರಣ ಕೋವಿ, ಫೇಲಾದ ಪಾರ್ಕರ್‌ಗಿಂತ ಎಷ್ಟೋ ಮೇಲು.

ಕೊಡಗಿನ ಮನೆಯಿಂದ ಬಂದವರಿಗೆ ಕೋವಿ ಹೊಸದಲ್ಲ. ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ನಳಿಗೆಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡಿರುತ್ತೀರಿ, ತೆಂಗಿನಕಾಯಿಗೆ ಗುರಿ ಇಟ್ಟಿರುತ್ತೀರಿ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೆಳೆದವರಿಗೆ ಹಾರುವ ಹಕ್ಕಿಗೆ ಹೊಡೆದು ಗೊತ್ತಿಲ್ಲ. ನಿಂತ ಗುರಿಗೆ ಭಾರದ ಕೋವಿಯೇ ಹಿತ, ಕೈ ಅಲುಗುವುದಿಲ್ಲ. ಗ್ರೌಸ್‌ಗೆ ಅದೇ ಭಾರ ಶತ್ರು.

ಏಕೆಂದರೆ ಮಿಶಿಗನ್, ವಿಸ್ಕಾನ್ಸಿನ್, ಮಿನ್ನೆಸೋಟದ ರಫ್ಡ್ ಗ್ರೌಸ್ ಬಯಲಿನ ಹಕ್ಕಿಯಲ್ಲ. ಕಡಿದ ಕಾಡು ಮತ್ತೆ ಚಿಗುರಿ, ಆಸ್ಪೆನ್ ಸಸಿಗಳು ತೋಳಿನಷ್ಟು ದಪ್ಪವಾಗಿ ಒತ್ತೊತ್ತಾಗಿ ನಿಂತಿರುತ್ತವಲ್ಲ, ಅಲ್ಲಿ ಅದರ ವಾಸ. ಕಾಲ ಬುಡದಿಂದ ಬುರ್ರೆಂದು ಎದ್ದು ಒಂದೆರಡು ಸೆಕೆಂಡಿನಲ್ಲಿ ಮರದ ಮರೆಗೆ ಹೋಗಿಬಿಡುತ್ತದೆ. ಹೆಚ್ಚಿನ ಈಡು ಬೀಳುವುದು 15ರಿಂದ 25 ಗಜದೊಳಗೆ. ಸೆಪ್ಟೆಂಬರ್ 15ಕ್ಕೆ ಸೀಸನ್ ಶುರುವಾದಾಗ ಎಲೆ ಇನ್ನೂ ಉದುರಿರುವುದಿಲ್ಲ, ಆಗ ದೂರ ಇನ್ನೂ ಕಡಿಮೆ. ಇಂಥಲ್ಲಿ ದಿನವಿಡೀ ಒಂದು ಕೈಯಲ್ಲಿ ಹೊತ್ತು, ಇನ್ನೊಂದು ಕೈಯಲ್ಲಿ ಕೊಂಬೆ ಸರಿಸಿ, ಕ್ಷಣದಲ್ಲಿ ಹೆಗಲಿಗೇರಿಸುವ ಕೋವಿ ಬೇಕು. 6ರಿಂದ 6½ ಪೌಂಡ್, ಅಂದರೆ ಮೂರು ಕಿಲೋ ಒಳಗೆ. ಹಳೇ ಅಮೆರಿಕನ್ 12 ಬೋರ್‌ಗಳು ಸಾಮಾನ್ಯವಾಗಿ ಏಳೂವರೆ ಪೌಂಡ್ ಆಸುಪಾಸು ತೂಗುತ್ತವೆ. ಬೋರ್ ಅಂದರೆ ನಳಿಗೆಯ ಒಳ ಅಳತೆ, ಅಂಕೆ ಹೆಚ್ಚಾದಷ್ಟೂ ನಳಿಗೆ ಕಿರಿದು. ಹಾಗಾಗಿ 16 ಅಥವಾ 20 ಬೋರ್ ಹುಡುಕಿ. ನನ್ನ ಮತ 16ಕ್ಕೆ. ಒಂದು ಔನ್ಸ್ ಚರೆಯನ್ನು ಅಷ್ಟು ಹಗುರವಾಗಿ ಹೊರುವ ಕೋವಿ ಇನ್ನೊಂದಿಲ್ಲ, ತೋಟಾ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ ಅನ್ನುವುದೊಂದೇ ತೊಂದರೆ.

ಈಗ ನಳಿಗೆ. ಮಾರುವವರ ಎದುರೇ ಕೂತು ಇದನ್ನೆಲ್ಲ ಮಾಡಿ, ಸಂಕೋಚ ಬೇಡ. ಮೊದಲು ಕೋವಿ ಮಡಚಿ ಖಾಲಿ ಇದೆಯೇ ನೋಡಿ. ಮುಚ್ಚಿದ ಮೇಲೆ ಮೇಲಿನ ಲಿವರ್ ಎಲ್ಲಿ ನಿಲ್ಲುತ್ತದೆ ಗಮನಿಸಿ. ನಡುಗೆರೆಯಿಂದ ತುಸು ಬಲಕ್ಕೆ ನಿಂತರೆ ಬೀಗದಲ್ಲಿ ಇನ್ನೂ ಆಯಸ್ಸಿದೆ, ಎಡಕ್ಕೆ ದಾಟಿದ್ದರೆ ಬಹಳ ಸವೆದಿದೆ. ನಳಿಗೆಯ ಕೆಳಗಿನ ಮರದ ತುಂಡನ್ನು ಕಳಚಿ ಈಗ ಅಲ್ಲಾಡಿಸಿ. ಆ ಮರದೊಳಗಿನ ಸ್ಪ್ರಿಂಗ್ ನಳಿಗೆಯನ್ನು ಒತ್ತಿ ಹಿಡಿದು ಸಡಿಲವನ್ನು ಮರೆಮಾಚುತ್ತದೆ, ಅದಕ್ಕೇ ಕಳಚಬೇಕು. ಟಕಟಕ ಅಂದರೆ, ಅಥವಾ ನಳಿಗೆಗೂ ಹಿಂದಿನ ಉಕ್ಕಿನ ಗೋಡೆಗೂ ನಡುವೆ ಬೆಳಕು ಕಂಡರೆ, ಕೀಲು ಸವೆದಿದೆ. ರಿಪೇರಿ ಆಗುತ್ತದೆ, ಆದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ನಂತರ ನಳಿಗೆಗಳನ್ನು ಪೂರ್ತಿ ಬೇರೆ ಮಾಡಿ, ಅಡಿಯ ಕೊಕ್ಕೆಗೆ ಬೆರಳು ಕೊಟ್ಟು ತೂಗುಬಿಟ್ಟು ಗೆಣ್ಣಿನಿಂದ ತಟ್ಟಿ. ದೇವಸ್ಥಾನದ ಗಂಟೆಯಂತೆ ಉದ್ದನೆಯ ನಾದ ಬಂದರೆ ಎರಡು ನಳಿಗೆಗಳ ಬೆಸುಗೆ ಗಟ್ಟಿಯಾಗಿದೆ. ಜರ್ರ್ ಎಂದು ಬಡಿದುಕೊಂಡರೆ ನಡುವಿನ ಪಟ್ಟಿ ಎಲ್ಲೋ ಬಿಟ್ಟಿದೆ, ಒಳಗೆ ತುಕ್ಕೂ ಸೇರಿರಬಹುದು. ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡಿ. ಬೆಳಕಿನ ಉಂಗುರಗಳು ದುಂಡಗೆ ಇರಬೇಕು. ಒಂದು ಕಡೆ ಸೊಟ್ಟಗಾದರೆ ಅಲ್ಲಿ ತಗ್ಗಿದೆ ಅಥವಾ ಉಬ್ಬಿದೆ. ಹೊರಗಿನ ತಗ್ಗನ್ನು ಒಳಗಿನಿಂದ ಎತ್ತಬಹುದು, ಉಬ್ಬು ಬಂದ ನಳಿಗೆ ಬೇಡ. ತುದಿಯನ್ನೂ ನೋಡಿ. ಎರಡು ಬಾಯಿಗಳ ನಡುವೆ ಸಂದು ಕಂಡು, ಚೋಕ್ (ಚರೆ ಹೆಚ್ಚು ಹರಡದಂತೆ ತುದಿಯನ್ನು ಕಿರಿದಾಗಿಸಿದ ಭಾಗ) ಕೂಡ ಇಲ್ಲದಿದ್ದರೆ ಯಾರೋ ತುದಿ ಕತ್ತರಿಸಿದ್ದಾರೆ ಎಂಬ ಅನುಮಾನ ಇಟ್ಟುಕೊಳ್ಳಿ. ಗೋಡೆಯ ದಪ್ಪ ಕಣ್ಣಿಗೆ ಗೊತ್ತಾಗುವುದಿಲ್ಲ, ಅದಕ್ಕೆ ಹಳೇ ಜೋಡುನಳಿಗೆ ಬಲ್ಲ ಗನ್‌ಸ್ಮಿತ್ ಕೈಯಲ್ಲಿ ಅಳೆಸಲೇಬೇಕು.

ಅತಿ ಹೆಚ್ಚು ಜನ ಎಡವುವುದು ಚೇಂಬರಿನಲ್ಲಿ. ಇಂದಿನ ಮಾಮೂಲಿ ತೋಟಾ 2¾ ಇಂಚಿನದು. ಹಳೇ ಅಮೆರಿಕನ್ 12 ಬೋರ್‌ಗಳಲ್ಲಿ ಚೇಂಬರ್ 2⅝ ಇಂಚು ಇರಬಹುದು, ಬ್ರಿಟಿಷ್ ಕೋವಿಗಳಲ್ಲಿ 2½, ಹಳೇ 16 ಬೋರ್‌ಗಳಲ್ಲಿ ಸುಮಾರು 65 ಮಿಲಿಮೀಟರ್. ಮೋಸ ಎಲ್ಲಿದೆ ಅಂದರೆ, ಉದ್ದದ ತೋಟಾ ಗಿಡ್ಡ ಚೇಂಬರಿನೊಳಗೆ ಸಲೀಸಾಗಿ ಕೂರುತ್ತದೆ! ತೋಟಾದ ಮಡಚಿದ ಬಾಯಿ ಈಡು ಹಾರಿದಾಗ ಬಿಚ್ಚಿಕೊಂಡು ಮುಂದಿನ ಇಕ್ಕಟ್ಟಿಗೆ ಚಾಚುತ್ತದೆ, ಚರೆ ಅದರೊಳಗಿಂದ ನುಗ್ಗಬೇಕಾಗುತ್ತದೆ, ಒತ್ತಡ ಏರುತ್ತದೆ. ಚೇಂಬರ್ ಕೊರೆದು ಉದ್ದ ಮಾಡಿಸಿದ ಕೋವಿಗಳೂ ಇವೆ. ಅಂಥದರಲ್ಲಿ ಒತ್ತಡ ಹೆಚ್ಚಿರುವ ಜಾಗದಲ್ಲೇ ಗೋಡೆ ತೆಳುವಾಗಿರುತ್ತದೆ. ನನ್ನ ಸಲಹೆ: ಚೇಂಬರ್ ಮುಟ್ಟದೆ ಹಾಗೇ ಬಿಡಿ, 2½ ಇಂಚಿನ ಕಡಿಮೆ ಒತ್ತಡದ ತೋಟಾ ತರಿಸಿ. ಸ್ಟೀಲ್ ಚರೆ ಮಾತ್ರ ಹಾಕಲೇಬೇಡಿ, ಹಳೇ ನಳಿಗೆಯ ಚೋಕ್ ಇರುವಲ್ಲಿ ಉಬ್ಬು ಬರುತ್ತದೆ. ಬಾತುಕೋಳಿಗೆಂದು ಕಾಯ್ದಿಟ್ಟ ಫೆಡರಲ್ ಜಾಗಗಳಲ್ಲಿ ಸೀಸ ನಿಷಿದ್ಧ. ಅಲ್ಲಿ ನಡೆಯುವುದಾದರೆ ಬಿಸ್ಮತ್ ಎಂಬ ಲೋಹದ ಚರೆ ಇಟ್ಟುಕೊಳ್ಳಿ.

ಡಮಾಸ್ಕಸ್ ನಳಿಗೆ, ಅಂದರೆ ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು ಸುತ್ತಿ ಬೆಸೆದದ್ದು, ನೋಡಲು ಅದ್ಭುತ. ಬಲ್ಲವರು ಅದರಲ್ಲೂ ಬೇಟೆಯಾಡುತ್ತಾರೆ. ಮೊದಲ ಕೋವಿಗೆ ಅದು ಬೇಡ.

ಇನ್ನು ಹೆಸರು. ಕನೆಟಿಕಟ್‌ನ ಮೆರಿಡೆನ್‌ನಲ್ಲಿ ತಯಾರಾದ ಪಾರ್ಕರ್ ಅಂದರೆ ಕೈಕೆಲಸದ ಶಿಖರ. ಕಂಪನಿ 1934ರಲ್ಲಿ ರೆಮಿಂಗ್ಟನ್ ಪಾಲಾಯಿತು. ನಳಿಗೆ ಅಡಿಯ ಕೊಕ್ಕೆಯ ಮೇಲೆ ಫ್ರೇಮ್ ಸಂಖ್ಯೆ ಒತ್ತಿರುತ್ತಾರೆ. 0 ಇದ್ದರೆ ಹಗುರ, 2 ಇದ್ದರೆ ಗ್ರೌಸ್‌ಗೆ ಭಾರ. ಫಿಲಡೆಲ್ಫಿಯಾದ ಎ.ಎಚ್. ಫಾಕ್ಸ್‌ನ ಒಳಗೆ ಬಿಡಿಭಾಗ ಕಡಿಮೆ, ಕೆಡುವುದೂ ಕಡಿಮೆ. 1909ರಲ್ಲಿ ಥಿಯೋಡೋರ್ ರೂಸ್‌ವೆಲ್ಟ್ ಆಫ್ರಿಕಾಕ್ಕೆ ಒಯ್ದದ್ದು ಇದೇ ಕಂಪನಿಯ ಕೋವಿ. ಅದರ ಅಗ್ಗದ ಮಾದರಿ ಸ್ಟರ್ಲಿಂಗ್‌ವರ್ತ್‌ನಲ್ಲಿ ಕೆತ್ತನೆ ಇಲ್ಲ, ಒಳಗಿನ ಯಂತ್ರ ಅದೇ. 16 ಅಥವಾ 20 ಬೋರಿನ ಸ್ಟರ್ಲಿಂಗ್‌ವರ್ತ್ ಸಿಕ್ಕರೆ ನಾನು ಬೇರೆ ನೋಡುವುದಿಲ್ಲ. ಎಲ್.ಸಿ. ಸ್ಮಿತ್ ಚೆಂದ, ಆದರೆ ಪಕ್ಕದ ಉಕ್ಕಿನ ತಟ್ಟೆಯ ಹಿಂದೆ ಮರ ಸೀಳಿರುತ್ತದೆ, ಬೆರಳಾಡಿಸಿ ನೋಡಿ. ಇಥಾಕಾದ ಫ್ಲೂಸ್ ಮಾದರಿ ಬಲು ಹಗುರ, ಫ್ರೇಮ್ ಬಿರುಕು ಬಿಡುವ ದೂರು ಇರುವುದರಿಂದ ಮೆದು ತೋಟಾವೇ ಸರಿ. ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರು ತಂದ ಜರ್ಮನ್ 16 ಬೋರ್‌ಗಳೂ ಆಗಾಗ ಸಿಗುತ್ತವೆ, ಕೆಲಸ ಸೊಗಸು, ಚೇಂಬರ್ ಮಾತ್ರ 65 ಮಿಲಿಮೀಟರ್.

ಮೈಗೆ ಹೊಂದುತ್ತದೆಯೇ ಅನ್ನುವುದನ್ನು ಅಂಗಡಿಯಲ್ಲೇ ನೋಡಬಹುದು. ಕಣ್ಣು ಮುಚ್ಚಿ ಖಾಲಿ ಕೋವಿಯನ್ನು ಹೆಗಲಿಗೇರಿಸಿ ಕಣ್ಣು ತೆರೆಯಿರಿ. ನಳಿಗೆಯ ಬದಲು ಲಿವರ್‌ನ ಬೆನ್ನು ಕಂಡರೆ ಹಿಡಿಯ ಮರ ನಿಮಗೆ ತೀರಾ ಕೆಳಗೆ ಬಾಗಿದೆ. ಆ ಕಾಲದ ಅಮೆರಿಕನ್ನರು ತಲೆ ಎತ್ತಿ ಹೊಡೆಯುತ್ತಿದ್ದರು, ಬುಡದಲ್ಲಿ ಮೂರು ಇಂಚಿನ ಇಳಿತ ಸಾಮಾನ್ಯವಾಗಿತ್ತು. ಹಾಗೆ ಬಾಗಿದ್ದರೆ ಈಡು ಹಕ್ಕಿಯ ಕೆಳಗೆ ಹೋಗುತ್ತದೆ.

ಕಾಗದಪತ್ರದ ವಿಷಯ ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಗ್ರೀನ್ ಕಾರ್ಡ್ ಇದ್ದವರಿಗೆ ಫೆಡರಲ್ ಕಾನೂನಿನ ಅಡ್ಡಿಯಿಲ್ಲ. ಎಚ್-1ಬಿಯಂಥ ವೀಸಾದಲ್ಲಿರುವವರು ಕೋವಿಯಾಗಲಿ ತೋಟಾವಾಗಲಿ ಇಟ್ಟುಕೊಳ್ಳುವುದು ಅಪರಾಧ. ಅಮೆರಿಕದ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ. ಆದ್ದರಿಂದ ಲೈಸೆನ್ಸ್ ಮೊದಲು, ಕೋವಿ ಆಮೇಲೆ. 1960ರ ಜನವರಿ 1ರಂದು ಅಥವಾ ನಂತರ ಹುಟ್ಟಿದವರಿಗೆ ಮಿಶಿಗನ್‌ನಲ್ಲಿ ಸುರಕ್ಷತಾ ತರಬೇತಿ ಪ್ರಮಾಣಪತ್ರವೂ ಬೇಕು. ತರಬೇತಿ ತಪ್ಪಿಸುವ ದಾರಿ ಹುಡುಕಬೇಡಿ, ದಟ್ಟ ಕಾಡಿನಲ್ಲಿ ಜೊತೆಗಾರ ಎಲ್ಲಿದ್ದಾನೆಂದು ಗೊತ್ತಿಟ್ಟುಕೊಂಡು ನಡೆಯುವುದನ್ನು ಅಲ್ಲೇ ಕಲಿಸುತ್ತಾರೆ.

ಕೊಂಡ ಮೇಲೆ ರೇಂಜಿಗೆ ಹೋಗಿ, 20 ಗಜದಲ್ಲಿ ದೊಡ್ಡ ಕಾಗದ ಕಟ್ಟಿ, ಒಂದೊಂದೇ ನಳಿಗೆಯಿಂದ ಹೊಡೆಯಿರಿ. ಎರಡರ ಚರೆಯೂ ಒಂದೇ ಕಡೆ ಬೀಳಬೇಕು. ಹಳಬರು ಎರಡೂ ನಳಿಗೆಗೆ ಫುಲ್ ಚೋಕ್, ಅಂದರೆ ಅತಿ ಬಿಗಿ ಚೋಕ್, ಇಡಿಸುತ್ತಿದ್ದರು, ಅಷ್ಟು ಹತ್ತಿರದಲ್ಲಿ ಅದು ಹಕ್ಕಿಯನ್ನು ಒಂದೋ ಛಿದ್ರ ಮಾಡುತ್ತದೆ, ಇಲ್ಲವೇ ಪೂರ್ತಿ ತಪ್ಪುತ್ತದೆ. ಬಲ ನಳಿಗೆಯನ್ನು ಚೋಕ್ ಇಲ್ಲದ ಸಿಲಿಂಡರ್‌ಗೆ, ಎಡದ್ದನ್ನು ತುಸುವೇ ಚೋಕ್ ಇರುವ ಇಂಪ್ರೂವ್ಡ್ ಸಿಲಿಂಡರ್‌ಗೆ ಸಡಿಲಿಸಿದರೆ ಸಾಕು. ಹೊಳಪು ಕೆಡದ ದುಬಾರಿ ಕೋವಿಗೆ ಇದನ್ನು ಮಾಡಿಸಬೇಡಿ, ಬೆಲೆ ಬೀಳುತ್ತದೆ. ಅಗಲವಾಗಿ ಹರಡುವ ಸ್ಪ್ರೆಡರ್ ತೋಟಾ ಬಳಸಿ. ಮಾಡಿಸುವುದಾದರೆ ಜುಲೈನಲ್ಲೇ ಗನ್‌ಸ್ಮಿತ್‌ಗೆ ಕೊಟ್ಟುಬಿಡಿ, ಸೀಸನ್ ಹತ್ತಿರ ಬಂದಂತೆ ಅವರ ಕೈಯಲ್ಲಿ ಕೆಲಸ ತುಂಬಿರುತ್ತದೆ.