‘ನೊ’ ಸೇರಿಸಿದರೆ ಸಾಲದು: ಸ್ಪ್ಯಾನಿಷ್‌ನಲ್ಲಿ ‘ಬೇಡ’ ಎನ್ನುವ ಬಗೆ

‘ಮುಚ್ಚು’ ಎಂಬುದಕ್ಕೆ ಎದುರಾಗಿ ಕನ್ನಡದಲ್ಲಿ ‘ಮುಚ್ಚಬೇಡ’ ಎನ್ನುತ್ತೇವೆ. ‘ಇಲ್ಲ ಮುಚ್ಚು’ ಎಂದು ಯಾರೂ ಹೇಳುವುದಿಲ್ಲ. ಸ್ಪ್ಯಾನಿಷ್‌ನಲ್ಲೂ ಹಾಗೆಯೇ, ಕ್ರಿಯಾಪದದ ರೂಪವೇ ಬದಲಾಗಬೇಕು. ‘ಸಿಯೆರ್ರಾ ಲಾ ಪುವೆರ್ತಾ’ ಎಂದರೆ ಬಾಗಿಲು ಮುಚ್ಚು. ಇದಕ್ಕೆ ‘ನೊ’ ಅಂಟಿಸಿ ‘ನೊ ಸಿಯೆರ್ರಾ’ ಎಂದರೆ ಕೇಳಿದವರಿಗೆ ‘ಅವನು ಮುಚ್ಚುವುದಿಲ್ಲ’ ಎಂದು ಅರ್ಥವಾಗುತ್ತದೆ. ಸರಿಯಾದದ್ದು ‘ನೊ ಸಿಯೆರ್ರೆಸ್’. ‘ನೀವು’ ಎಂದು ಗೌರವದಿಂದ ಹೇಳುವಾಗ ಮಾತ್ರ ‘ಸಿಯೆರ್ರೆ’, ‘ನೊ ಸಿಯೆರ್ರೆ’ ಎರಡಕ್ಕೂ ಒಂದೇ ರೂಪ. ಗೊಂದಲ ಹುಟ್ಟುವುದು ಬಹುಮಟ್ಟಿಗೆ ಇಲ್ಲಿಂದಲೇ.

ಮಾಡುವ ಕ್ರಮ ಇಷ್ಟು. ವರ್ತಮಾನಕಾಲದ ‘ನಾನು’ ರೂಪ ತೆಗೆದುಕೊಳ್ಳಿ: ಸಿಯೆರ್ರೊ. ಕೊನೆಯ ‘ಒ’ ಬಿಡಿ. ಮೂಲರೂಪ ‘ಆರ್’ನಿಂದ ಮುಗಿಯುವ ಕ್ರಿಯಾಪದಕ್ಕೆ (ಸಿಯೆರ್ರೊ ಎಂಬುದರ ಮೂಲರೂಪ ಸೆರ್ರಾರ್) ‘ಎ’, ‘ಎರ್’ ಮತ್ತು ‘ಇರ್’ನವಕ್ಕೆ ‘ಆ’ ಹಚ್ಚಿ; ‘ನೀನು’ ಎಂಬುದಕ್ಕೆ ‘ಸ್’ ಸೇರಿಸಿ. ಪಿದೊ (ಮೂಲರೂಪ ಪೆದಿರ್) ಇಂದ ನೊ ಪಿದಾಸ್ (ಕೊಡು ಎಂದು ಕೇಳಬೇಡ), ಬುವೆಲ್ಬೊ (ಮೂಲರೂಪ ಬೊಲ್ಬೆರ್) ಇಂದ ನೊ ಬುವೆಲ್ಬಾಸ್ (ಹಿಂತಿರುಗಬೇಡ). ‘ನಾನು’ ರೂಪದಿಂದಲೇ ಏಕೆ ಹೊರಡಬೇಕೆಂದರೆ ತೆನೆರ್ (ಹೊಂದಿರು) ನೋಡಿ: ‘ನೀನು’ ರೂಪ ತಿಯೆನೆಸ್, ‘ನಾನು’ ರೂಪ ತೆಂಗೊ, ನಿಷೇಧ ನೊ ತೆಂಗಾಸ್.

ಆದರೆ ಈ ಸೂತ್ರವನ್ನು ಕಣ್ಣುಮುಚ್ಚಿ ನಂಬಿದವರು ‘ನಾವು’ ರೂಪದಲ್ಲಿ ಎಡವುತ್ತಾರೆ. ‘ಮುಚ್ಚುವುದು ಬೇಡ’ ಎನ್ನಲು ‘ನೊ ಸಿಯೆರ್ರೆಮೊಸ್’ ತಪ್ಪು, ‘ನೊ ಸೆರ್ರೆಮೊಸ್’ ಸರಿ. ಗಟ್ಟಿಯಾಗಿ ಹೇಳಿ ನೋಡಿ. ‘ಸಿಯೆರ್ರೆಸ್’ನಲ್ಲಿ ಒತ್ತು ಬೀಳುವುದು ಧಾತುವಿನ ಮೇಲೆ, ಒತ್ತು ಬಿದ್ದಲ್ಲೇ ‘ಎ’ ಒಡೆದು ‘ಇಯೆ’ ಆಗುತ್ತದೆ, ‘ಒ’ ಒಡೆದು ‘ಉವೆ’ ಆಗುತ್ತದೆ. ‘ಸೆರ್ರೆಮೊಸ್’ನಲ್ಲಿ ಒತ್ತು ಪ್ರತ್ಯಯಕ್ಕೆ ಜಾರಿರುವುದರಿಂದ ಧಾತು ಹಾಗೇ ಉಳಿಯುತ್ತದೆ. ಸ್ಪೇನ್‌ನಲ್ಲಿ ಗೆಳೆಯರ ಗುಂಪಿಗೆ ಹೇಳುವ ‘ನೊ ಸೆರ್ರೆಯ್ಸ್’ಗೂ ಇದೇ ಕಾರಣ. ಪಟ್ಟಿ ಉರುಹೊಡೆಯುವುದಕ್ಕಿಂತ ಈ ಒತ್ತನ್ನು ಕಿವಿಯಲ್ಲಿ ಹಿಡಿಯುವುದೇ ಮೇಲು.

‘ಇರ್’ ಗುಂಪು ಇಲ್ಲೂ ಬೇರೆ ದಾರಿ ಹಿಡಿಯುತ್ತದೆ: ಒತ್ತಿಲ್ಲದಿದ್ದರೂ ‘ಎ’ ಹೋಗಿ ‘ಇ’, ‘ಒ’ ಹೋಗಿ ‘ಉ’. ದೊರ್ಮಿರ್ (ಮಲಗು): ನೊ ದುವೆರ್ಮಾಸ್, ಆದರೆ ನೊ ದುರ್ಮಾಮೊಸ್. ಸೆಂತಿರ್ (ಅನುಭವಿಸು): ನೊ ಸಿಯೆಂತಾಸ್, ಆದರೆ ನೊ ಸಿಂತಾಮೊಸ್. ಪೆದಿರ್‌ನಲ್ಲಿ ತೊಂದರೆಯಿಲ್ಲ, ಎಲ್ಲೆಡೆ ‘ಪಿದ್’.

ಬರೆಯುವಾಗ ಇನ್ನೊಂದು ಎಚ್ಚರ ಬೇಕು. ಹುಗಾರ್ (ಆಡು) ಎಂಬುದರ ‘ನೊ ಹುವೆಗೆಸ್’ನಲ್ಲಿ ‘ಜಿ’ ಅಕ್ಷರದ ನಂತರ ‘ಯು’ ಸೇರಬೇಕು. ಬಿಟ್ಟರೆ ಅದು ‘ಹುವೆಹೆಸ್’ ಎಂದಾಗುತ್ತದೆ. ಎಂಪೆಸಾರ್ (ಶುರುಮಾಡು) ಎಂಬುದರ ‘ನೊ ಎಂಪಿಯೆಸೆಸ್’ನಲ್ಲಿ ‘ಜೆಡ್’ ಬದಲು ‘ಸಿ’ ಬರುತ್ತದೆ.

ಸರ್ವನಾಮದ ಜಾಗವೂ ಬದಲಾಗುತ್ತದೆ. ‘ಮಲಗು’ ಎನ್ನುವಾಗ ‘ದುವೆರ್ಮೆತೆ’ ಎಂದು ‘ತೆ’ ಕೊನೆಗೆ ಅಂಟುತ್ತದೆ; ‘ನಿದ್ದೆ ಹೋಗಬೇಡ’ ಎನ್ನುವಾಗ ಅದು ಕ್ರಿಯಾಪದಕ್ಕಿಂತ ಮುಂಚೆ, ‘ನೊ’ ಆದ ಮೇಲೆ ಬಂದು ನಿಲ್ಲುತ್ತದೆ: ನೊ ತೆ ದುವೆರ್ಮಾಸ್. ಎರಡು ಸರ್ವನಾಮಗಳಿದ್ದರೂ ಇದೇ ಕ್ರಮ: ನೊ ಮೆ ಲೊ ಪಿದಾಸ್, ಅದನ್ನು ನನ್ನಲ್ಲಿ ಕೇಳಬೇಡ.